ಶಾಲೆಯ ಗಂಟೆ ನಿಂತ ಮೇಲೆ: ಆಟಿಸಂ ಇರುವ ಮಕ್ಕಳನ್ನು ಸಂಬಳದ ಕೆಲಸಕ್ಕೆ ಮುಟ್ಟಿಸುವ ದಾರಿ

ವಿಶೇಷ ಶಾಲೆಯಾಗಲಿ, ಊರಿನ ಸಾಮಾನ್ಯ ಶಾಲೆಯಾಗಲಿ, ಹದಿನೆಂಟರ ಆಸುಪಾಸಿನಲ್ಲಿ ಎಲ್ಲವೂ ಒಮ್ಮೆಲೇ ನಿಂತುಬಿಡುತ್ತದೆ. ಬೆಳಗಿನ ವ್ಯಾನು ಬರುವುದಿಲ್ಲ, ಪೀರಿಯಡ್ಡಿನ ಗಂಟೆ ಹೊಡೆಯುವುದಿಲ್ಲ, ಊಟದ ಡಬ್ಬಿ ತೆರೆಯುವುದಕ್ಕೆ ಗೊತ್ತಾದ ಹೊತ್ತು ಇರುವುದಿಲ್ಲ. ಆಟಿಸಂ ಇರುವ ಹುಡುಗನಿಗೆ ಇವೆಲ್ಲ ದಿನವನ್ನು ಹಿಡಿದು ನಿಲ್ಲಿಸಿದ್ದ ಕಂಬಗಳು. ಆರು ತಿಂಗಳು ಮನೆಯಲ್ಲಿ ಕೂತರೆ ನಿದ್ದೆ ಏರುಪೇರಾಗುತ್ತದೆ, ಹತ್ತು ವರ್ಷ ಕಲಿಸಿದ್ದು ಕರಗುತ್ತದೆ. ಆಗ ಗಾಬರಿಯಿಂದ ಹುಡುಕಿದರೆ ಸಿಗುವುದು ಹೆಚ್ಚಾಗಿ ಒಂದು ತರಬೇತಿ ಶೆಡ್ಡು: ಮೇಣದಬತ್ತಿ, ಕಾಗದದ ಕವರು, ದೀಪಾವಳಿ ಹತ್ತಿರವಾದರೆ ಬಣ್ಣದ ಹಣತೆ. ಅಲ್ಲಿ ಎಂಟು ವರ್ಷ ತರಬೇತಿಯಲ್ಲೇ ಇರುವವರಿದ್ದಾರೆ.

ಆ ಶೆಡ್ಡು ಕೆಟ್ಟದ್ದೆಂದು ಹೇಳುತ್ತಿಲ್ಲ. ತೊಂದರೆ ಬೇರೆ. ಆಟಿಸಂ ಇರುವವರಲ್ಲಿ ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗಕ್ಕೆ ತಾನಾಗಿ ದಾಟುವುದು ಕಷ್ಟ. ಶಾಲೆಯಲ್ಲಿ ಬಟ್ಟೆ ಮಡಚುವುದನ್ನು ಕಲಿತ ಹುಡುಗಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊಸಬಳಂತೆ ನಿಲ್ಲಬಹುದು. ಮೇಜು ಬೇರೆ, ಬಟ್ಟೆ ಬೇರೆ, ಸದ್ದು ಬೇರೆ. ಹಾಗಾಗಿ "ಮೊದಲು ಪೂರ್ತಿ ಕಲಿಯಲಿ, ಆಮೇಲೆ ಕೆಲಸ" ಎನ್ನುವ ಕ್ರಮವನ್ನೇ ತಿರುಗಿಸಬೇಕು. ಮೊದಲು ನಿಜವಾದ ಕೆಲಸದ ಜಾಗ, ಕಲಿಕೆ ಅಲ್ಲೇ. ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು: ಕೆಲಸ ಕೈತಪ್ಪುವುದು ಕೈಕೆಲಸ ಬಾರದ್ದರಿಂದ ಅಷ್ಟಾಗಿ ಅಲ್ಲ. ಬಸ್ಸು, ಊಟದ ಬಿಡುವು, ಮಿಕ್ಸಿಯ ಸದ್ದು, ರಜೆ ಹಾಕಿದ ಸೂಪರ್‌ವೈಸರ್, ಇಂಥ ಸುತ್ತಲಿನ ಸಂಗತಿಗಳಿಂದ. ಆದ್ದರಿಂದ ಈ ಲೇಖನದಲ್ಲಿ ಸುತ್ತಲಿನದ್ದಕ್ಕೇ ಹೆಚ್ಚು ಜಾಗ.

ಹದಿನಾಲ್ಕಕ್ಕೆ ಶುರು: ಮನೆಯಲ್ಲೇ ಮೂರು ಕೆಲಸ

ಎಂಟನೇ ತರಗತಿಯ ಹೊತ್ತಿಗೆ ಮನೆಯಲ್ಲಿ ಮೂರು ಕೆಲಸಗಳನ್ನು ಮಗುವಿನ ಹೆಸರಿಗೆ ಬರೆಯಿರಿ. ಆರಂಭವೂ ಅಂತ್ಯವೂ ಕಣ್ಣಿಗೆ ಕಾಣುವಂಥವೇ ಆಗಬೇಕು. ಆರು ಬಾಟಲಿಗೆ ನೀರು ತುಂಬಿಸಿ ಫ್ರಿಜ್ಜಿನಲ್ಲಿಡುವುದು, ಹಾಲಿನ ಪ್ಯಾಕೆಟ್ ತರುವುದು, ಒಣಗಿದ ಬಟ್ಟೆ ಮಡಚಿ ಅವರವರ ಕಪಾಟಿಗೆ ಸೇರಿಸುವುದು. "ಅಡುಗೆಮನೆ ಚೊಕ್ಕ ಮಾಡು" ಎಂಬುದು ಬೇಡ, ಅದು ಎಲ್ಲಿ ಮುಗಿಯುತ್ತದೆಂದು ಯಾರಿಗೂ ಗೊತ್ತಿಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆಯಿರಿ: ತಾನಾಗಿ ಮಾಡಿದ್ದು, ಬೆರಳು ತೋರಿಸಿದಾಗ ಮಾಡಿದ್ದು, ಬಾಯಲ್ಲಿ ಹೇಳಿದಾಗ ಮಾಡಿದ್ದು, ಕೈಹಿಡಿದು ಮಾಡಿಸಿದ್ದು. ದಿನಕ್ಕೊಂದು ಗುರುತು ಸಾಕು. ಬಾಯಲ್ಲಿ ಹೇಳುವುದು ಸುಲಭವೆಂದು ಎಲ್ಲರೂ ಅದನ್ನೇ ಮಾಡುತ್ತಾರೆ, ಆದರೆ ಬಿಡಿಸಲು ಅತಿ ಕಷ್ಟವಾಗುವ ಊರುಗೋಲು ಅದೇ. "ಮುಂದೆ ಏನು? ಹ್ಞಾಂ, ಮುಂದೆ?" ಎಂದು ಅಮ್ಮ ಹೇಳುತ್ತಿದ್ದರೆ, ಅಮ್ಮನ ದನಿಯೂ ಆ ಕೆಲಸದ ಒಂದು ಹಂತವಾಗಿ ಕೂತುಬಿಡುತ್ತದೆ. ಮುಂದೆ ಕೆಲಸದ ಜಾಗದಲ್ಲಿ ಆ ದನಿ ಇರುವುದಿಲ್ಲ, ಕೈ ನಿಲ್ಲುತ್ತದೆ. ಅದಕ್ಕೆ ಹಂತಗಳ ಫೋಟೊಗಳನ್ನು ಗೋಡೆಗೆ ಅಂಟಿಸಿ, ಮಾತಿನ ಬದಲು ಫೋಟೊ ತೋರಿಸಿ. ಫೋಟೊವನ್ನು ಹೊಸ ಜಾಗಕ್ಕೆ ಒಯ್ಯಬಹುದು.

ಕಾಗದಪತ್ರ: ಬೇಸರದ ಭಾಗ, ಆದರೆ ಹದಿನೆಂಟಕ್ಕೆ ಮುಂಚೆ

ಆಟಿಸಂ ಪ್ರಮಾಣೀಕರಣಕ್ಕೆ ನಮ್ಮಲ್ಲಿ ಬಳಕೆಯಲ್ಲಿರುವುದು ಐಸಾ ಎಂಬ ಭಾರತೀಯ ಮಾಪನ. ಅದರಲ್ಲಿ 40 ಅಂಶಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ರಿಂದ 106 ಬಂದರೆ ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮೀಸಲಾತಿ ಮತ್ತು ಹೆಚ್ಚಿನ ಸೌಲಭ್ಯಗಳಿಗೆ ಪ್ರಮಾಣಪತ್ರದಲ್ಲಿ ಕನಿಷ್ಠ 40 ಶೇಕಡಾ ವೈಕಲ್ಯ ಎಂದಿರಬೇಕು. ಮೌಲ್ಯಮಾಪನದ ದಿನ ಮಗು "ಚೆನ್ನಾಗಿ ನಡೆದುಕೊಳ್ಳಲಿ" ಎಂದು ಪೋಷಕರು ಮುಂಚಿನಿಂದ ತಾಲೀಮು ಮಾಡಿಸುವುದುಂಟು. ಬೇಡ. ಕೆಟ್ಟ ದಿನ ಹೇಗಿರುತ್ತದೆಂದು ಬರೆದುಕೊಂಡು ಹೋಗಿ, ಹತ್ತು ಸೆಕೆಂಡಿನ ವಿಡಿಯೊ ಇದ್ದರೆ ತೋರಿಸಿ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ಹಿಡಿದರೆ ಓಡಾಟ ಅರ್ಧಕ್ಕಿಳಿಯುತ್ತದೆ.

ಆಧಾರ್‌ನಲ್ಲಿ 15ನೇ ವಯಸ್ಸಿಗೆ ಬೆರಳಚ್ಚು, ಕಣ್ಣುಪಾಪೆ ಹೊಸದಾಗಿ ಕೊಡುವುದು ಕಡ್ಡಾಯ. ಅದನ್ನು ಮರೆತವರು ಬ್ಯಾಂಕ್ ಕೆವೈಸಿಯಲ್ಲಿ, ಪಿಎಫ್ ಜೋಡಣೆಯಲ್ಲಿ ಸಿಕ್ಕಿಬೀಳುತ್ತಾರೆ. ಆಧಾರ್, ಯುಡಿಐಡಿ, ಅಂಕಪಟ್ಟಿ ಮೂರರಲ್ಲೂ ಹೆಸರಿನ ಇನಿಷಿಯಲ್ ಒಂದೇ ಕಡೆ ಇರಲಿ. ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಕೂತು ಕೊಡುವ ಕಾಟ ಅಷ್ಟಿಷ್ಟಲ್ಲ.

ಎಸ್‌ಎಸ್‌ಎಲ್‌ಸಿಯ ಆರು ವಿಷಯ ಭಾರವಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್, ಇದೆ: ಐದು ವಿಷಯ, ಐದು ವರ್ಷದೊಳಗೆ ಒಂಬತ್ತು ಅವಕಾಶ, ಒಂದು ಸಲಕ್ಕೆ ಒಂದೇ ವಿಷಯವನ್ನೂ ಬರೆಯಬಹುದು. ಹತ್ತನೇ ತರಗತಿಯ ಒಂದು ಹಾಳೆ ಕೈಯಲ್ಲಿದ್ದರೆ ಬಾಗಿಲುಗಳು ಜಾಸ್ತಿ.

ಹದಿನೆಂಟಾದ ಮೇಲೆ ಕಾನೂನಿನ ಕಣ್ಣಲ್ಲಿ ಅವನು ಸ್ವತಂತ್ರ. ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಅಡಿಯಲ್ಲಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ಪೋಷಕತ್ವ, ಅಂದರೆ ಅವನ ಪರವಾಗಿ ತೀರ್ಮಾನಿಸುವ ಕಾನೂನಿನ ಅಧಿಕಾರ, ಕೊಡುತ್ತದೆ. ಅದು ಎಲ್ಲರಿಗೂ ಬೇಕಿಲ್ಲ. ಸಹಿ ಹಾಕಬಲ್ಲ, ಹಣ ಅಂದರೇನೆಂದು ತಿಳಿದ ಹುಡುಗನಿಗೆ ಅಭ್ಯಾಸದ ಬಲದಿಂದ ಪೋಷಕತ್ವ ಮಾಡಿಸಿಬಿಟ್ಟರೆ ಆಮೇಲೆ ನೇಮಕಪತ್ರಕ್ಕೂ ಅವನ ಸಹಿ ಸಾಕೇ ಎಂಬ ಪ್ರಶ್ನೆ ಏಳುತ್ತದೆ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ, 1 ಲಕ್ಷ ರೂಪಾಯಿವರೆಗಿನದು, ಮಾತ್ರ ಮಾಡಿಸಿಡಿ. ಮಾಸಾಶನ ಬರುತ್ತಿದ್ದರೆ ಸಂಬಳ ಶುರುವಾಗುವ ಮೊದಲೇ ನಾಡಕಚೇರಿಯಲ್ಲಿ ಆದಾಯದ ಮಿತಿ ವಿಚಾರಿಸಿ.

ಹುಡುಗನನ್ನು ಕೇಳಬೇಡಿ, ನೋಡಿ

"ದೊಡ್ಡವನಾಗಿ ಏನಾಗ್ತೀಯಾ?" ಎಂದರೆ ಕಳೆದ ವಾರ ನೋಡಿದ ಜಾಹೀರಾತು ಉತ್ತರವಾಗಿ ಬರಬಹುದು. ಬದಲಾಗಿ ಎರಡು ವಾರ ಸುಮ್ಮನೆ ಗಮನಿಸಿ ಬರೆಯಿರಿ. ಎಷ್ಟು ಹೊತ್ತು ಒಂದೇ ಕಡೆ ಕೂರುತ್ತಾನೆ, ಎಷ್ಟು ಹೊತ್ತು ನಿಲ್ಲುತ್ತಾನೆ. ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ: ಕುಕ್ಕರಿನ ಸೀಟಿಯೋ, ಡ್ರಿಲ್ಲಿಂಗೋ, ಮಕ್ಕಳ ಅಳುವೋ. ಮಿನುಗುವ ಟ್ಯೂಬ್‌ಲೈಟ್, ಫಿನೈಲ್ ವಾಸನೆ, ಪುಡಿ ಹಚ್ಚಿದ ರಬ್ಬರ್ ಗ್ಲೌಸ್, ಶರ್ಟಿನ ಕಾಲರಿನ ಲೇಬಲ್. ಕಾಯಬೇಕಾದಾಗ ಏನು ಮಾಡುತ್ತಾನೆ. ಅರ್ಧ ಮಾಡಿದ್ದನ್ನು ಬಿಟ್ಟು ಬಾ ಎಂದರೆ ಹೇಗಿರುತ್ತಾನೆ.

ಆಸಕ್ತಿಯ ವಿಷಯದಲ್ಲಿ ಒಂದು ಎಚ್ಚರ. ಬಿಎಂಟಿಸಿಯ ರೂಟ್ ನಂಬರುಗಳನ್ನೆಲ್ಲ ಬಾಯಿಪಾಠ ಹೇಳುವ ಹುಡುಗನಿಗೆ ಬಸ್ಸಿನ ಕೆಲಸವೇ ಆಗಬೇಕೆಂದಿಲ್ಲ; ಗಿಜಿಗುಡುವ ಬಸ್ ನಿಲ್ದಾಣ ಅವನಿಗೆ ನರಕವಿರಬಹುದು. ಆಸಕ್ತಿಯ ಅಡಿಯಲ್ಲಿರುವ ಕ್ರಿಯೆಯನ್ನು ನೋಡಿ. ಅಲ್ಲಿರುವುದು ಅಂಕಿಗಳನ್ನು ಹೊಂದಿಸುವುದು, ತಪ್ಪಿದ್ದನ್ನು ಪತ್ತೆಹಚ್ಚುವುದು. ಅದೇ ಕ್ರಿಯೆ ಗೋದಾಮಿನಲ್ಲಿದೆ, ಗ್ರಂಥಾಲಯದಲ್ಲಿದೆ, ವೋಚರ್ ನಮೂದಿನಲ್ಲಿದೆ, ಸಾಫ್ಟ್‌ವೇರ್ ಪರೀಕ್ಷೆಯಲ್ಲೂ ಇದೆ. ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ 2013ರಲ್ಲಿ ಆಟಿಸಂ ಇರುವವರ ನೇಮಕವನ್ನು ಜಗತ್ತಿನಾದ್ಯಂತ ವಿಸ್ತರಿಸುವುದಾಗಿ ಘೋಷಿಸಿದಾಗ ಅದಕ್ಕೆ ಮಾದರಿಯಾದದ್ದರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಪರೀಕ್ಷಕರ ತಂಡವೂ ಒಂದು. ಹಾಗೆಂದು ಆಟಿಸಂ ಇರುವವರೆಲ್ಲ ಕಂಪ್ಯೂಟರ್ ಪ್ರವೀಣರು ಎನ್ನುವುದು ಸಿನಿಮಾದ ಮಾತು. ಹುಬ್ಬಳ್ಳಿಯಲ್ಲಿ 2017ರಲ್ಲಿ ಶುರುವಾದ, ಅಂಗವಿಕಲರಿಗೆ ಕೆಲಸ ಕೊಡುವ ಮಿಟ್ಟಿ ಕೆಫೆಯಂಥ ಕಡೆ ಟ್ರೇ ಹಿಡಿದು ನಡೆಯುವುದೂ ಅಷ್ಟೇ ನಿಜವಾದ ಕೆಲಸ.

ಮೂರು ಜಾಗ, ಹತ್ತತ್ತು ದಿನ

ಒಂಬತ್ತು, ಹತ್ತನೇ ತರಗತಿಯ ರಜೆಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಜಾಗ ಆರಿಸಿ. ಒಂದೊಂದರಲ್ಲಿ ಹತ್ತು ದಿನ, ದಿನಕ್ಕೆ ಎರಡು ಗಂಟೆ. ಕೇಳುವುದಕ್ಕೆ ದೊಡ್ಡ ಕಂಪನಿ ಬೇಕಿಲ್ಲ, ಪರಿಚಯದವರು ಸಾಕು. ಕಾಲೇಜಿನ ಗ್ರಂಥಾಲಯ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹಾಳೆ ಜೋಡಿಸುವ ಮೇಜು, ಬೇಕರಿಯ ಪ್ಯಾಕಿಂಗ್, ಸಸ್ಯಕ್ಷೇತ್ರದಲ್ಲಿ ಟ್ರೇಗೆ ಮಣ್ಣು ತುಂಬುವುದು, ಆಸ್ಪತ್ರೆಯ ದಾಖಲೆ ಸ್ಕ್ಯಾನಿಂಗ್. ಹಳ್ಳಿಗಳಲ್ಲಿ ಹಾಲಿನ ಡೇರಿಯ ಲೆಕ್ಕ, ಮಲೆನಾಡಿನಲ್ಲಿ ಅಡಿಕೆ ಆರಿಸುವುದು, ಕರಾವಳಿಯಲ್ಲಿ ಗೋಡಂಬಿ ವಿಂಗಡಣೆ. ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸ ನೋಡಲು ಹೇಳಿಮಾಡಿಸಿದಂತಿದೆ, ಆದರೆ ನೂರಾರು ಹೊಲಿಗೆ ಯಂತ್ರಗಳ ಸದ್ದಿನ ನಡುವೆ. ಮೊದಲು ಹತ್ತು ನಿಮಿಷ ಹುಡುಗನನ್ನು ಅಲ್ಲಿ ನಿಲ್ಲಿಸಿ ನೋಡಿ. ದರ್ಶಿನಿಯ ಅಡುಗೆಮನೆಯೂ ಹಾಗೇ. ಅದೇ ದರ್ಶಿನಿಯಲ್ಲಿ ಮಧ್ಯಾಹ್ನ ಮೂರರಿಂದ ಐದರ ನಡುವೆ ಚಮಚ ಒರೆಸಿ ಜೋಡಿಸುವ ಕೆಲಸ ಶಾಂತವಾಗಿರುತ್ತದೆ.

ಹತ್ತು ದಿನದ ಕೊನೆಯಲ್ಲಿ "ಇಷ್ಟವಾಯಿತೇ?" ಎಂದು ಕೇಳುವುದಕ್ಕಿಂತ ಮೂರು ಸಂಗತಿ ನೋಡಿ: ಬೆಳಿಗ್ಗೆ ಹೊರಡಲು ಎಷ್ಟು ತಳ್ಳಬೇಕಾಯಿತು, ಮನೆಗೆ ಬಂದ ಮೇಲೆ ಸಂಜೆ ಹೇಗಿತ್ತು, ರಾತ್ರಿ ನಿದ್ದೆ ಬಂತೇ. ಕೆಲಸದ ಜಾಗದಲ್ಲಿ ಎಂಟು ಗಂಟೆ ಹಲ್ಲುಕಚ್ಚಿ ಒಳ್ಳೆಯವನಾಗಿದ್ದು ಮನೆಯಲ್ಲಿ ಸಿಡಿಯುವುದು ಆಟಿಸಂನಲ್ಲಿ ಸಾಮಾನ್ಯ. ಸಂಜೆಯ ಸಿಡಿತವೇ ಬೆಳಗಿನ ಕೆಲಸದ ಬಗ್ಗೆ ನಿಜ ಹೇಳುವುದು.

ಕೆಲಸವನ್ನು ಬಿಡಿಸಿ ಬರೆಯುವುದು

ಇಲ್ಲಿ ನಿಧಾನವಾಗಿ ಹೋಗೋಣ, ಹೆಚ್ಚಿನವರು ಎಡವುವುದು ಇಲ್ಲೇ. ಔಷಧಿ ಅಂಗಡಿಯಲ್ಲಿ ಅವಧಿ ಮೀರಿದ ಸರಕು ಹುಡುಕುವ ಕೆಲಸವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅಂಗಡಿಯವರಿಗೆ ಇದು ತಲೆನೋವಿನ ಕೆಲಸ, ಗಮನ ಚದುರುತ್ತದೆ. ಅಂಕಿ ಹಿಡಿಯುವ ಹುಡುಗಿಗೆ ಇದು ಇಷ್ಟದ ಕೆಲಸವಾಗಬಹುದು. ಔಷಧಿ ಮಾರುವುದು ಫಾರ್ಮಸಿಸ್ಟ್ ಕೆಲಸ, ಇಲ್ಲಿ ನಾವು ಹೇಳುತ್ತಿರುವುದು ಅವರ ಮೇಲ್ವಿಚಾರಣೆಯಲ್ಲಿ ರ್‍ಯಾಕ್ ನೋಡುವುದಷ್ಟೇ.

ಮೊದಲು ನೀವೇ ಆ ಕೆಲಸವನ್ನು ಒಂದು ಗಂಟೆ ಮಾಡಿ. ಆಮೇಲೆ ಹಂತಗಳನ್ನು ಬರೆಯಿರಿ:

1. ಇಂದಿನ ರ್‍ಯಾಕ್ ಸಂಖ್ಯೆಯನ್ನು ಬೋರ್ಡಿನಲ್ಲಿ ನೋಡು.
2. ಕೆಂಪು, ಹಸಿರು, ಹಳದಿ ಡಬ್ಬಗಳನ್ನು ರ್‍ಯಾಕ್ ಪಕ್ಕ ಇಡು.
3. ಮೇಲಿನ ಸಾಲಿನ ಎಡತುದಿಯ ಪೆಟ್ಟಿಗೆ ತೆಗೆ.
4. ಅವಧಿಯ ತಿಂಗಳು, ವರ್ಷ ಓದು.
5. ಕೈಯಲ್ಲಿರುವ ಕಾರ್ಡಿನ ತಿಂಗಳಿಗಿಂತ ಮುಂದಿನದ್ದಾದರೆ ಇದ್ದ ಜಾಗಕ್ಕೇ ಇಡು.
6. ಕಾರ್ಡಿನ ತಿಂಗಳೇ ಆಗಿದ್ದರೆ, ಅಥವಾ ಅದಕ್ಕಿಂತ ಮೂರು ತಿಂಗಳವರೆಗೆ ಹಿಂದಿನದ್ದಾದರೆ, ಹಸಿರು ಡಬ್ಬ.
7. ಅದಕ್ಕೂ ಹಿಂದಿನದ್ದಾದರೆ ಕೆಂಪು ಡಬ್ಬ.
8. ಓದಲಾಗದಿದ್ದರೆ ಹಳದಿ ಡಬ್ಬ.
9. ಸಾಲು ಮುಗಿದರೆ ಪಟ್ಟಿಯಲ್ಲಿ ಗುರುತು ಹಾಕು, ಕೆಳಗಿನ ಸಾಲಿಗೆ ಹೋಗು.
10. ರ್‍ಯಾಕ್ ಮುಗಿದರೆ ಡಬ್ಬಗಳನ್ನು ಫಾರ್ಮಸಿಸ್ಟ್ ಮೇಜಿಗೆ ಒಯ್ದು "ರ್‍ಯಾಕ್ ಮುಗಿಯಿತು" ಎಂದು ಹೇಳು.

ಕಾರ್ಡಿನಲ್ಲಿರುವುದು ಇಂದಿಗೆ ಮೂರು ತಿಂಗಳ ಮುಂದಿನ ತಿಂಗಳು. ಪ್ರತಿ ತಿಂಗಳ ಒಂದನೇ ತಾರೀಖು ಫಾರ್ಮಸಿಸ್ಟ್ ಅದನ್ನು ಬದಲಿಸುತ್ತಾರೆ. ಹೀಗಾಗಿ ಹಸಿರು ಡಬ್ಬಕ್ಕೆ ಬೇಗ ಮಾರಬೇಕಾದ್ದು ಬೀಳುತ್ತದೆ, ಕೆಂಪಿಗೆ ಅವಧಿ ಮುಗಿದದ್ದು, ಹುಡುಗಿ ಮನಸ್ಸಿನಲ್ಲಿ ಲೆಕ್ಕ ಹಾಕಬೇಕಾಗಿಲ್ಲ.

ಈಗ ಏನು ಕೆಡುತ್ತದೆ ನೋಡಿ. ಅವಧಿಯನ್ನು ಒಂದೇ ರೀತಿ ಮುದ್ರಿಸಿರುವುದಿಲ್ಲ: ಒಂದರಲ್ಲಿ 05/27, ಇನ್ನೊಂದರಲ್ಲಿ ಮೇ 2027, ಮಕ್ಕಳ ಆಹಾರದ ಡಬ್ಬಿಯಲ್ಲಿ ತಯಾರಾದ ದಿನದಿಂದ 18 ತಿಂಗಳು ಎಂದು. ಮೂರನ್ನೂ ಫೋಟೊ ತೆಗೆದು ಮೊದಲೇ ಕಲಿಸದಿದ್ದರೆ ಮೂರನೆಯದು ಬಂದಾಗ ಕೆಲಸ ನಿಂತುಹೋಗುತ್ತದೆ. 05/27 ಎಂದರೆ ಮೇ ಕೊನೆಯ ದಿನದವರೆಗೆ ಎಂಬುದನ್ನೂ ಬರೆದು ಕೊಡಿ. ಹಳದಿ ಡಬ್ಬ ಸಣ್ಣ ವಿಷಯವೆನಿಸಬಹುದು, ಇಡೀ ಪಟ್ಟಿಯಲ್ಲಿ ಮುಖ್ಯವಾದದ್ದು ಅದೇ. "ಗೊತ್ತಾಗದಿದ್ದರೆ ಕೇಳು" ಎಂಬುದು ಹುಡುಗಿಗೆ ಅತಿ ಕಷ್ಟದ ಹಂತ: ಯಾರನ್ನು, ಯಾವಾಗ, ಅವರು ಗಿರಾಕಿ ಜೊತೆ ಮಾತಾಡುತ್ತಿದ್ದರೆ? ಸಂಶಯವನ್ನು ಇಡುವುದಕ್ಕೊಂದು ಜಾಗ ಕೊಟ್ಟರೆ ಕೈ ನಿಲ್ಲದೆ ಮುಂದುವರಿಯುತ್ತದೆ. ಯಾವ ಕೆಲಸವೇ ಆಗಲಿ, ಸಂಶಯದ ಡಬ್ಬ ಒಂದಿರಲಿ.

ಮಾಲೀಕರ ಜೊತೆ ಮಾತು

"ಪಾಪ, ಒಂದು ಅವಕಾಶ ಕೊಡಿ" ಎಂದು ಶುರುಮಾಡಿದರೆ ಸಿಗುವುದು ಮೂಲೆಯ ಕುರ್ಚಿ ಮತ್ತು ಗೌರವಧನ. ಒಂದು ಪುಟದ ಹಾಳೆ ಒಯ್ಯಿರಿ. ಯಾವ ಕೆಲಸ, ಎಷ್ಟು ಹೊತ್ತಿನಲ್ಲಿ ಎಷ್ಟು ಮಾಡುತ್ತಾನೆ, ಏನು ಬೇಕು, ಏನು ಕೆಡಬಹುದು, ಕೆಟ್ಟರೆ ಯಾರಿಗೆ ಫೋನು. ಸಂದರ್ಶನದ ಬದಲು ಕೆಲಸ ಮಾಡಿ ತೋರಿಸುವ ಅವಕಾಶ ಕೇಳಿ. "ನಿನ್ನ ಬಗ್ಗೆ ಹೇಳು" ಎಂಬ ಪ್ರಶ್ನೆಗೆ ರಕ್ತದ ಗುಂಪಿನಿಂದ ಹಿಡಿದು ಹೇಳುವ ಹುಡುಗ ವೋಚರುಗಳನ್ನು ತಪ್ಪಿಲ್ಲದೆ ನಮೂದಿಸಬಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಆಟಿಸಂ ಅನ್ನು ಹೆಸರಿಸಿಯೇ ಸೇರಿಸಿದೆ. ಸರ್ಕಾರಿ ಹುದ್ದೆಗಳ 4 ಶೇಕಡಾ ಮೀಸಲಾತಿಯಲ್ಲಿ 1 ಶೇಕಡಾ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ವೈಕಲ್ಯ ಇವೆಲ್ಲಕ್ಕೂ ಸೇರಿ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಬರೆದಿಡಬೇಕೆಂದು 21ನೇ ಸೆಕ್ಷನ್ ಹೇಳುತ್ತದೆ. ಮಾನವ ಸಂಪನ್ಮೂಲ ವಿಭಾಗವಿರುವ ಕಡೆ ಆ ನೀತಿಯ ಪ್ರತಿ ಕೇಳುವುದೇ ಮಾತಿಗೆ ಒಳ್ಳೆಯ ಆರಂಭ. ಬೆಂಗಳೂರಿನಲ್ಲಿ 1999ರಿಂದ ಇರುವ ಎನೇಬಲ್ ಇಂಡಿಯಾ ಅಂಗವಿಕಲರ ಉದ್ಯೋಗಕ್ಕಾಗಿಯೇ ಕೆಲಸ ಮಾಡುತ್ತದೆ, ಕೇಂದ್ರ ಸರ್ಕಾರದ ಅಂಗವಿಕಲರ ವೃತ್ತಿಸೇವಾ ಕೇಂದ್ರವೂ ನಗರದಲ್ಲಿದೆ.

ಸಂಬಳದ ಬಗ್ಗೆ ಸಂಕೋಚ ಬೇಡ. ಪುಕ್ಕಟೆ ಪ್ರಯೋಗ ಹತ್ತು ದಿನ ಸಾಕು, ಕೊನೆಯ ದಿನಾಂಕ ಕಾಗದದಲ್ಲಿರಲಿ. ಆಮೇಲೆ ಆ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನದ ಲೆಕ್ಕದಲ್ಲೇ ಕೇಳಿ. ಪೂರ್ತಿ ದಿನ ಆಗದಿದ್ದರೆ ಗಂಟೆ ಕಡಿಮೆ ಮಾಡಿ, ದರ ಕಡಿಮೆ ಮಾಡಬೇಡಿ. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ, ಸೌಲಭ್ಯಕ್ಕೆ ಸಾಮಾನ್ಯ ನೌಕರರ ವೇತನಮಿತಿ ತಿಂಗಳಿಗೆ 21,000 ರೂಪಾಯಿ, ಅಂಗವಿಕಲರಿಗೆ 25,000. ಎಷ್ಟೋ ಲೆಕ್ಕಪತ್ರ ವಿಭಾಗಗಳಿಗೇ ಇದು ತಿಳಿದಿರುವುದಿಲ್ಲ, ನೆನಪಿಸಿ.

ಜೊತೆ ಕೆಲಸ ಮಾಡುವವರಿಗೆ ಅರ್ಧ ಗಂಟೆ ಸಮಯ ಕೊಡಿಸಿ, ಹುಡುಗ ಒಪ್ಪಿದಷ್ಟನ್ನೇ ಅವನ ಬಗ್ಗೆ ಹೇಳಿ, ಆಮೇಲೆ ನಮ್ಮ ಕನ್ನಡದ ಬಗ್ಗೆ ಹೇಳಿ. ನಾವು ಆಡುವ ಮಾತಿನಲ್ಲಿ ಅರ್ಧ ಅಕ್ಷರಾರ್ಥದಲ್ಲಿಲ್ಲ. "ಬರ್ತೀನಿ" ಎಂದು ಹೇಳಿ ಮನೆಗೆ ಹೋಗುತ್ತೇವೆ. ಹುಡುಗ ಅವರು ಬರುವುದನ್ನು ಕಾಯುತ್ತಾನೆ. "ಆಮೇಲೆ ನೋಡೋಣ" ಎಂದರೆ ಇಲ್ಲ ಎಂದರ್ಥ, ಅವನು ಐದು ನಿಮಿಷಕ್ಕೊಮ್ಮೆ ಬಂದು "ಈಗ ನೋಡೋಣವಾ?" ಎಂದು ಕೇಳುತ್ತಾನೆ. "ಊಟ ಆಯ್ತಾ?" ಎಂಬ ಕುಶಲಕ್ಕೆ ಸಾರಿನಲ್ಲಿ ಏನೇನಿತ್ತೆಂಬ ವಿವರ ಸಿಗುತ್ತದೆ. "ಎರಡು ನಿಮಿಷ" ಎಂದರೆ ಅವನ ಗಡಿಯಾರದಲ್ಲಿ 120 ಸೆಕೆಂಡು. "ಸ್ವಲ್ಪ ಬೇಗ ಮಾಡಪ್ಪ" ಎನ್ನುವ ಬದಲು "ಹನ್ನೊಂದು ಗಂಟೆಯೊಳಗೆ ಎರಡು ರ್‍ಯಾಕ್" ಎನ್ನಿ. ತಪ್ಪಾದಾಗ "ಏನಿದು ಹೀಗೆ ಮಾಡಿದ್ದೀಯ?" ಎಂಬುದು ಅವನಿಗೆ ನಿಜವಾದ ಪ್ರಶ್ನೆ, ಉತ್ತರ ಹುಡುಕುತ್ತ ನಿಲ್ಲುತ್ತಾನೆ. "ಇದು ತಪ್ಪು. ಸರಿ ಹೀಗೆ" ಎಂದು ಮಾಡಿ ತೋರಿಸಿದರೆ ಮುಗಿಯಿತು.

ಬಸ್ಸು

ಕೆಲಸ ಸಿಕ್ಕ ಮೇಲೆ ಬಸ್ಸು ಕಲಿಸೋಣ ಎಂದು ಬಿಟ್ಟರೆ ಅಪ್ಪನ ಸ್ಕೂಟರ್ ಖಾಯಂ ಆಗುತ್ತದೆ, ಅಪ್ಪನಿಗೆ ಜ್ವರ ಬಂದ ದಿನ ಕೆಲಸಕ್ಕೂ ರಜೆ. ಆರು ವಾರ ಮುಂಚೆ ಆರಂಭಿಸಿ. ಮೊದಲ ವಾರ ಪಕ್ಕದಲ್ಲಿ ಕೂತು, ಎರಡನೇ ವಾರ ಅದೇ ಬಸ್ಸಿನಲ್ಲಿ ದೂರದ ಸೀಟಿನಲ್ಲಿ, ಆಮೇಲೆ ಹತ್ತಿಸಿ ನೀವು ಹಿಂದಿನ ಬಸ್ಸಿನಲ್ಲಿ, ಆಮೇಲೆ ಇಳಿಯುವ ಕಡೆ ಒಬ್ಬರು ನಿಂತು, ಕೊನೆಗೆ ತಲುಪಿದ ಮೇಲೆ ಒಂದು ಮೆಸೇಜು ಮಾತ್ರ. ಕೆಟ್ಟ ದಿನಗಳನ್ನು ಬೇಕೆಂದೇ ಆಡಿಸಿ: ಬಸ್ಸು ಇಪ್ಪತ್ತು ನಿಮಿಷವಾದರೂ ಬರಲಿಲ್ಲ, ಕಂಡಕ್ಟರ್ ಚಿಲ್ಲರೆ ಟಿಕೆಟಿನ ಹಿಂದೆ ಬರೆದುಕೊಟ್ಟರು, ನಿಲ್ದಾಣ ದಾಟಿಹೋಯಿತು, ಬಂದ್ ಇದೆ, ಜಾತ್ರೆಗೆಂದು ದಾರಿ ತಿರುಗಿಸಿದ್ದಾರೆ. ಒಂದೊಂದಕ್ಕೂ ಒಂದೇ ಸಾಲಿನ ಉತ್ತರವಿರುವ ಕಾರ್ಡು ಜೇಬಿನಲ್ಲಿರಲಿ. ಮಾತು ಕಡಿಮೆ ಇರುವವರಿಗೆ ಇಳಿಯುವ ಜಾಗದ ಹೆಸರು ದೊಡ್ಡಕ್ಷರದಲ್ಲಿ ಬರೆದ ಕಾರ್ಡು, ಹಿಂಬದಿಯಲ್ಲಿ ಮನೆಯ ಫೋನ್ ನಂಬರು.

ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಹತ್ತಿದ ಕೂಡಲೇ ಗುರುತಿನ ಚೀಟಿ ತೋರಿಸುವ ಅಭ್ಯಾಸವಾಗಬೇಕು. ಹುಡುಗರಿಗೆ ಅಂಗವಿಕಲರ ರಿಯಾಯಿತಿ ಪಾಸಿಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ. ಮೆಟ್ರೊ ಹೆಚ್ಚಿನವರಿಗೆ ಹಿಡಿಸುತ್ತದೆ, ಎಲ್ಲವೂ ಅಂದುಕೊಂಡಂತೆ ನಡೆಯುವುದರಿಂದ. ನೂಕುನುಗ್ಗಲಿನ ಹೊತ್ತು ತಪ್ಪಿಸಲು ಕೆಲಸದ ವೇಳೆಯನ್ನು ಹತ್ತೂವರೆಗೆ ಕೇಳಿಕೊಳ್ಳಿ.

ಮೊದಲ ಹನ್ನೆರಡು ವಾರ

ಶಾಲೆಯ ಶಿಕ್ಷಕರೋ ಸಂಸ್ಥೆಯ ಜಾಬ್ ಕೋಚೋ, ಅಂದರೆ ಕೆಲಸದ ಜಾಗದಲ್ಲೇ ನಿಂತು ಕಲಿಸುವವರು, ಜೊತೆಗಿರಬೇಕು. ತಂದೆ ತಾಯಿ ಆಗದಿದ್ದರೆ ಉತ್ತಮ. ಮೊದಲ ವಾರ ದಿನಕ್ಕೆ ಎರಡು ಗಂಟೆ, ಎರಡನೇ ವಾರ ಮೂರು, ಆಮೇಲೆ ವಾರಕ್ಕೆ ಅರ್ಧರ್ಧ ಗಂಟೆ ಏರಿಸಿ. ಕೋಚ್ ಎದುರಿಗೆ ನಿಲ್ಲಬಾರದು, ಹಿಂದೆ ಒಂದು ಮಾರು ದೂರದಲ್ಲಿರಬೇಕು. ಎದುರಿಗಿದ್ದರೆ ಹುಡುಗ ಕೆಲಸ ಬಿಟ್ಟು ಮುಖ ನೋಡುತ್ತಾನೆ. ಕೋಚ್ ದೂರ ಸರಿಯುವುದನ್ನು ಕ್ಯಾಲೆಂಡರ್ ತೀರ್ಮಾನಿಸಬಾರದು. ಹತ್ತರಲ್ಲಿ ಒಂಬತ್ತು ಹಂತ ಯಾರೂ ಸೂಚಿಸದೆ ಮೂರು ದಿನ ಸತತ ಆದ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಅಲ್ಲಿನವರೇ ಒಬ್ಬರನ್ನು "ಏನಾದರೂ ಆದರೆ ಇವರ ಹತ್ತಿರ ಹೋಗು" ಎಂದು ಗೊತ್ತುಮಾಡಿ. ಮೂರನೇ ವಾರದಲ್ಲಿ ಎರಡನೆಯವರನ್ನೂ ಪರಿಚಯಿಸಿ, ಮೊದಲನೆಯವರು ಬೇಕೆಂದೇ ಒಂದು ದಿನ ರಜೆ ಹಾಕಲಿ. ಈ ರಜೆಯ ತಾಲೀಮು ಮಾಡದಿದ್ದರೆ ಅವರಿಗೆ ನಿಜವಾಗಿ ವರ್ಗವಾದ ದಿನ ಎಲ್ಲ ಕುಸಿಯುತ್ತದೆ.

ಕೆಲಸದ ಸಮಯಕ್ಕಿಂತ ಬಿಡುವಿನ ಅರ್ಧ ಗಂಟೆ ಅಪಾಯಕಾರಿ. ಏನು ಮಾಡಬೇಕೆಂದು ಗೊತ್ತಿಲ್ಲದ ಹೊತ್ತು ಅದು. ಅದಕ್ಕೂ ಪಟ್ಟಿ ಬೇಕು: ಕೈ ತೊಳೆ, ಊಟ, ಡಬ್ಬಿ ತೊಳೆ, ಇಯರ್‌ಫೋನ್ ಹಾಕಿ ಎರಡು ಹಾಡು, ಶೌಚಾಲಯ, ವಾಪಸ್. ಎಲ್ಲರ ಜೊತೆ ಕೂತು ಉಣ್ಣಲೇಬೇಕೆಂಬ ಒತ್ತಾಯ ಬೇಡ. ನೀರು ಕುಡಿಯುವುದಕ್ಕೆ, ಶೌಚಾಲಯಕ್ಕೆ ಫೋನಿನಲ್ಲಿ ಅಲಾರಾಂ ಇಡಿ. ಬಾಯಾರಿಕೆ, ಹಸಿವು ದೇಹದಲ್ಲಿ ಸುಳಿವು ಕೊಡುವುದೇ ಕೆಲವರಿಗೆ ತಡ, ಮೂರು ಗಂಟೆಗೆ ಕಾರಣವಿಲ್ಲದೆ ಸಿಡುಕಿದಂತೆ ಕಂಡದ್ದು ಬರಿಯ ನೀರಡಿಕೆ ಆಗಿರಬಹುದು.

ಸಿಡಿದಾಗ, ಅಥವಾ ಮಾತು ನಿಂತು ಕಲ್ಲಿನಂತೆ ಕೂತಾಗ, ಒಬ್ಬರೇ ಹತ್ತಿರ ಹೋಗಿ. ಮುಟ್ಟಬೇಡಿ, ಯಾಕೆ ಎಂದು ಕೇಳಬೇಡಿ. ಮೊದಲೇ ತೋರಿಸಿಟ್ಟ ಶಾಂತ ಜಾಗದ ಫೋಟೊ ಹಿಡಿಯಿರಿ, ಲೈಟು, ಫ್ಯಾನಿನ ಸದ್ದು ತಗ್ಗಿಸಿ, ಇಪ್ಪತ್ತು ನಿಮಿಷವೋ ನಲವತ್ತೋ ಹಾಗೇ ಬಿಡಿ. ಅದೇ ದಿನ ವಿಚಾರಣೆಗೆ ಕೂರಿಸಬೇಡಿ. ಮರುದಿನ ಹಿಂದಿನ ಒಂದು ಗಂಟೆಯಲ್ಲಿ ಏನೇನು ಬದಲಾಗಿತ್ತೆಂದು ಬರೆದುನೋಡಿ. ಆಯುಧಪೂಜೆ ಇದಕ್ಕೆ ಪಕ್ಕಾ ಉದಾಹರಣೆ: ಮೇಜು ಜಾಗ ಬದಲಿಸಿದೆ, ಯಂತ್ರಕ್ಕೆ ಹೂವಿನ ಹಾರ, ಡೊಳ್ಳು, ಪಟಾಕಿ, ಬೂದುಗುಂಬಳಕಾಯಿ ಒಡೆಯುವ ಸದ್ದು. ವಾರ ಮುಂಚೆ ಫೋಟೊ ತೋರಿಸಿ, ಬರುವುದೋ ರಜೆಯೋ ಎಂಬ ಆಯ್ಕೆ ಅವನಿಗೇ ಬಿಡಿ.

ಮೈಮೇಲಿನ ಮರ್ಯಾದೆಯ ಪಾಠವನ್ನು ಮುಜುಗರವೆಂದು ಬಿಡಬಾರದು. ಯಾರನ್ನು ಎಷ್ಟು ಹೊತ್ತು ನೋಡಬಹುದು, ಎಷ್ಟು ದೂರ ನಿಲ್ಲಬೇಕು, ಒಬ್ಬಳಿಗೆ ದಿನಕ್ಕೆ ಎಷ್ಟು ಮೆಸೇಜು, "ಇಲ್ಲ" ಎಂದ ಮೇಲೆ ಏನು: ಇವನ್ನು ಅಂಕಿಯಲ್ಲೇ ಹೇಳಿಕೊಡಿ. ಅರಿಯದೆ ಮಾಡಿದ್ದು ಲೈಂಗಿಕ ಕಿರುಕುಳದ ದೂರಾಗಿ ನಿಲ್ಲಬಹುದು. ಅಷ್ಟೇ ಮುಖ್ಯವಾಗಿ, ಅವರನ್ನೇ ಯಾರಾದರೂ ದುರ್ಬಳಕೆ ಮಾಡಿದರೆ ಆ ಸಂಗತಿ ಹೇಳುವ ಪದಗಳು ಅವರ ಬಾಯಲ್ಲಿ, ಅಥವಾ ಚಿತ್ರದ ಕಾರ್ಡಿನಲ್ಲಿ ಇರಬೇಕು. ಕಚೇರಿಯ ಆಂತರಿಕ ದೂರು ಸಮಿತಿಯ ಸದಸ್ಯರೊಬ್ಬರ ಮುಖವನ್ನು ಮೊದಲ ವಾರದಲ್ಲೇ ಪರಿಚಯ ಮಾಡಿಸಿ.

ಸಂಬಳ ಬಂದ ಮೇಲೆ ಕೈಸಾಲ ಕೇಳುವವರು ಬರುತ್ತಾರೆ. "ಫ್ರೆಂಡ್ ಅಲ್ವಾ" ಎಂದರೆ ಕೊಟ್ಟುಬಿಡುವ ಮನಸ್ಸು ಇವರದ್ದು. ಸಂಬಳ ಒಂದು ಖಾತೆಗೆ ಬರಲಿ, ಯುಪಿಐ ಜೋಡಿಸಿದ ಇನ್ನೊಂದು ಖಾತೆಯಲ್ಲಿ ವಾರಕ್ಕೆ ಐನೂರೋ ಸಾವಿರವೋ ರೂಪಾಯಿ ಮಾತ್ರ ಇರಲಿ. ಪಿನ್ ಹೇಳಬಾರದು ಎಂಬುದರ ಜೊತೆಗೆ, ದುಡ್ಡು ಬರುವುದಕ್ಕೆ ಪಿನ್ ಹಾಕುವ ಅಗತ್ಯವೇ ಇಲ್ಲ ಎಂಬುದನ್ನು ಹತ್ತು ಸಲ ಮಾಡಿ ತೋರಿಸಿ. ಮೊದಲ ಸಂಬಳದಲ್ಲಿ ಅವನಿಗೆ ಬೇಕಾದ್ದನ್ನು ಅವನೇ ಕೊಳ್ಳಲಿ, ನಿಮಗದು ಕೆಲಸಕ್ಕೆ ಬಾರದ ಇಪ್ಪತ್ತನೇ ಟೇಪ್ ಅಳತೆಪಟ್ಟಿ ಎನಿಸಿದರೂ.

ನಾಲ್ಕನೇ ತಿಂಗಳು

ಕೆಲಸ ಬಿಟ್ಟುಹೋಗುವುದು ಮೊದಲ ವಾರದಲ್ಲಲ್ಲ, ಕೋಚ್ ಹೊರಟು ಎಲ್ಲರೂ ನಿರಾಳವಾದ ಮೇಲೆ. ನಾಲ್ಕು, ಆರು, ಒಂಬತ್ತನೇ ತಿಂಗಳಿಗೆ ಒಂದೊಂದು ಭೇಟಿಯನ್ನು ಮೊದಲೇ ತಾರೀಖಿನೊಂದಿಗೆ ಬರೆದಿಡಿ, ಎಲ್ಲ ಚೆನ್ನಾಗಿದ್ದರೂ ಹೋಗಿ. ನೋಡಬೇಕಾದ್ದು: ಹಂತಗಳ ಪಟ್ಟಿ ಇನ್ನೂ ಗೋಡೆಯಲ್ಲಿದೆಯೇ, ಕೆಲಸ ಸದ್ದಿಲ್ಲದೆ ಬದಲಾಗಿದೆಯೇ, ಚುರುಕಾದ ಹುಡುಗನಿಗೆ ಬೇಸರ ಬಂದಿದೆಯೇ. ಬೇಸರಕ್ಕೆ ಮದ್ದು ಹೊಸ ಹಂತ ಮತ್ತು ಸಂಬಳದ ಏರಿಕೆ, ಬುದ್ಧಿಮಾತಲ್ಲ.

ಮನೆಯವರಿಂದ ಕೆಡುವುದೂ ಇದೆ. ದಿನಕ್ಕೆ ಐದು ಸಲ ಫೋನು ಮಾಡುವುದು, ಸೂಪರ್‌ವೈಸರ್ ಕೇಳಿದ್ದಕ್ಕೆ ಮಗನ ಪರವಾಗಿ ಉತ್ತರ ಕೊಡುವುದು, "ಇವನೊಬ್ಬ ಬಿಟ್ಟರೆ ಏನಾಗುತ್ತೆ" ಎಂದು ಊರಹಬ್ಬ, ನಾಮಕರಣ, ದೂರದ ನೆಂಟರ ಮದುವೆ ಎಲ್ಲಕ್ಕೂ ರಜೆ ಹಾಕಿಸುವುದು. ಅಕ್ಕನ ಕೆಲಸಕ್ಕೆ ಎಷ್ಟು ರಜೆ ಕೇಳುತ್ತೀರೋ ಇವನದ್ದಕ್ಕೂ ಅಷ್ಟೇ ಕೇಳಿ, ಅರ್ಜಿಯನ್ನು ಅವನೇ ಬರೆಯಲಿ.

ಕೆಲಸ ಹೊಂದದೇ ಹೋದರೆ ಹೇಳದೆ ಕೇಳದೆ ಹೋಗುವುದನ್ನು ನಿಲ್ಲಿಸಿಬಿಡಬೇಡಿ. ರಾಜೀನಾಮೆ ಪತ್ರ, ಕೊನೆಯ ದಿನದ ತಾರೀಖು, ಎಲ್ಲರಿಗೂ ಹೇಳಿ ಹೊರಡುವುದು, ಅನುಭವ ಪತ್ರ ಪಡೆಯುವುದು, ಇವೂ ಹಂತಗಳೇ, ಪಟ್ಟಿಯಲ್ಲಿ ಬರೆದು ಕೊಡಿ. ಆಮೇಲೆ ಆ ಒಂದು ಪುಟದ ಹಾಳೆಯನ್ನು ತೆಗೆದು, ಈ ಜಾಗದಲ್ಲಿ ಕೆಟ್ಟದ್ದೇನೆಂದು ಒಂದು ಸಾಲು ಸೇರಿಸಿ: "ಪಾಳಿ ಬದಲಾಗುವ ಕಡೆ ಬೇಡ", "ಬಾಗಿಲ ಪಕ್ಕದ ಮೇಜು ಬೇಡ". ಮುಂದಿನ ಮಾಲೀಕರಿಗೆ ಕೊಡುವುದು ಆ ತಿದ್ದಿದ ಹಾಳೆ.